ಸಂಗೀತ ಪ್ರಶ್ನೋತ್ತರ: ಪಿಯಾನೊ ವಾದಕ ಸ್ವ್ಯಾತೊಸ್ಲಾವ್ ರಿಕ್ಟರ್

ರಷ್ಯದ ಪಿಯಾನೊ ವಾದಕ ಸ್ವ್ಯಾತೊಸ್ಲಾವ್ ರಿಕ್ಟರ್ (1915–1997) ಅವರ ಬದುಕು ಮತ್ತು ವಾದನದ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಬಾರಿಯ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ. ಭೂಕಂಪದ ಮಾಪಕಕ್ಕೆ ಹೆಸರು ಕೊಟ್ಟ ರಿಕ್ಟರ್ ಬೇರೆ, ಅವರು ಅಮೆರಿಕದ ವಿಜ್ಞಾನಿ. ಹಾಗೆ ಕೇಳಿದವರಿಗೆ ಇಲ್ಲೇ ಉತ್ತರ ಸಿಕ್ಕಿತು.

ಪ್ರಶ್ನೆ: ಒಂದು ಕಡೆ ರಷ್ಯನ್ ಎಂದಿದೆ, ಇನ್ನೊಂದು ಕಡೆ ಜರ್ಮನ್, ಮತ್ತೊಂದು ಕಡೆ ಉಕ್ರೇನಿನವರು. ಯಾವುದು ಸರಿ?

ಮೂರಕ್ಕೂ ಆಧಾರವಿದೆ. ಹುಟ್ಟಿದ್ದು 1915ರ ಮಾರ್ಚ್ 20ರಂದು ಝಿತೊಮಿರ್‌ನಲ್ಲಿ. ಆಗ ಅದು ರಷ್ಯನ್ ಸಾಮ್ರಾಜ್ಯದ ಊರು, ಇಂದು ಉಕ್ರೇನಿನದು. ತಂದೆ ತೆಯೊಫಿಲ್ ಜರ್ಮನ್ ಮೂಲದವರು. ವಿಯೆನ್ನಾದಲ್ಲಿ ಕಲಿತ ಪಿಯಾನೊ ಮತ್ತು ಆರ್ಗನ್ ವಾದಕರು. ತಾಯಿ ಅನ್ನಾ ಮೊಸ್ಕಲೇವಾ ರಷ್ಯನ್. ಬೆಳೆದದ್ದು ಒಡೆಸ್ಸಾದಲ್ಲಿ, ವೃತ್ತಿಜೀವನ ಕಳೆದದ್ದು ಮಾಸ್ಕೋದಲ್ಲಿ. ಅವರ ವಾದನ ರೂಪುಗೊಂಡದ್ದು ಮಾಸ್ಕೋದ ಸಂಗೀತ ವಲಯದಲ್ಲಾದ್ದರಿಂದ ನಾವು ರಷ್ಯನ್ ಎಂದೇ ಬರೆಯುತ್ತೇವೆ. ಆದರೆ ಜರ್ಮನ್ ಹೆಸರು ಅವರ ಮನೆಯನ್ನೇ ಮುರಿಯಿತು. ಆ ವಿಷಯ ಮುಂದೆ ಬರುತ್ತದೆ.

ಪ್ರಶ್ನೆ: ಗುರುವೇ ಇಲ್ಲದೆ ಕಲಿತವರು ಎನ್ನುತ್ತಾರೆ. ದೊಡ್ಡ ವಾದಕರಾಗಲು ಅದು ಸಾಧ್ಯವೇ, ಅಥವಾ ಕಟ್ಟುಕತೆಯೇ?

ಅರ್ಧ ನಿಜ. ತಂದೆ ಮೂಲಪಾಠ ಹೇಳಿಕೊಟ್ಟರು, ಆದರೆ ದಿನವೂ ಕೂರಿಸಿ ಸಾಧನೆ ಮಾಡಿಸಲಿಲ್ಲ. ಹುಡುಗ ಸ್ಕೇಲುಗಳ ಅಭ್ಯಾಸವನ್ನು ಬಿಟ್ಟು ನೇರವಾಗಿ ಶೊಪಾನ್‌ರ ನಾಕ್ಟರ್ನ್ (ರಾತ್ರಿಯ ಭಾವದ ಪಿಯಾನೊ ಕೃತಿ) ಮುಂದಿಟ್ಟುಕೊಂಡು ಕೂತ. ಅದಾದ ಮೇಲೆ ಮನೆಯಲ್ಲಿದ್ದ ಆಪೆರಾಗಳ ಸ್ವರಲಿಪಿ ಪುಸ್ತಕಗಳನ್ನೆಲ್ಲ ಒಂದೊಂದಾಗಿ ಪಿಯಾನೊ ಮೇಲೆ ಓದಿದ.

ನಿಜವಾದ ಶಾಲೆ ಯಾವುದು ಎಂದು ಕೇಳಿದರೆ, ಒಡೆಸ್ಸಾದ ಆಪೆರಾ ಮಂದಿರ ಎನ್ನಬೇಕು. ಹದಿಹರೆಯದಲ್ಲೇ ರಿಕ್ಟರ್ ಗಾಯಕರಿಗೆ ಪಕ್ಕವಾದ್ಯ ನುಡಿಸಿ ಸಂಬಳ ಪಡೆಯತೊಡಗಿದರು. ಆಮೇಲೆ ಆಪೆರಾ ಮಂದಿರದಲ್ಲಿ ತಾಲೀಮಿನ ಪಿಯಾನೊ ವಾದಕರಾದರು. ಆ ಕೆಲಸ ಏನು ಕಲಿಸುತ್ತದೆ ಎಂದು ಹೇಳಿದರೆ ಮುಂದಿನದು ಅರ್ಥವಾಗುತ್ತದೆ. ಆರ್ಕೆಸ್ಟ್ರಾದ ಹತ್ತಾರು ಸಾಲುಗಳನ್ನು ಎರಡು ಕೈಗೆ ಇಳಿಸಬೇಕು. ಎಲ್ಲ ಸ್ವರ ನುಡಿಸಲಾಗದು, ಹಾಗಾಗಿ ಯಾವುದನ್ನು ಬಿಡಬೇಕೆಂದು ಆ ಕ್ಷಣದಲ್ಲೇ ನಿರ್ಧರಿಸಬೇಕು: ಮಂದ್ರದ ಸಾಲು ಬಿಡಬಾರದು, ಹಾಡಿನ ಎಳೆ ಬಿಡಬಾರದು, ನಡುವಿನ ತುಂಬುಸ್ವರಗಳನ್ನು ಬಿಟ್ಟರೆ ನಡೆಯುತ್ತದೆ. ತಪ್ಪಿದರೂ ನಿಲ್ಲುವಂತಿಲ್ಲ, ಗಾಯಕರು ಕಾಯುವುದಿಲ್ಲ. ಗಾಯಕಿ ಉಸಿರೆಳೆಯುವ ಜಾಗ ಮುಂಚೆಯೇ ಗೊತ್ತಿರಬೇಕು. ಸ್ವರಲಿಪಿಯನ್ನು ಬೆರಳುಗಳ ಲೆಕ್ಕದಲ್ಲಿ ಓದದೆ ಇಡೀ ರಚನೆಯಾಗಿ ಓದುವ ಚಾಳಿ ಹೀಗೆ ಬಂತು, ಕೊನೆಯವರೆಗೂ ಉಳಿಯಿತು.

1934ರ ಮಾರ್ಚ್ 19ರಂದು ಒಡೆಸ್ಸಾದ ಎಂಜಿನಿಯರುಗಳ ಕ್ಲಬ್ಬಿನಲ್ಲಿ ಮೊದಲ ಸ್ವತಂತ್ರ ಕಛೇರಿ, ಪೂರ್ತಿ ಶೊಪಾನ್. 1937ರಲ್ಲಿ, 22ನೇ ವಯಸ್ಸಿಗೆ, ಮಾಸ್ಕೋ ಕನ್ಸರ್ವೇಟರಿ ಎಂಬ ಸಂಗೀತ ವಿದ್ಯಾಲಯದಲ್ಲಿ ಪಿಯಾನೊ ಗುರು ಹೈನ್ರಿಖ್ ನಾಯ್‌ಹೌಸ್ ಎದುರು ನುಡಿಸಿದರು. ಕಲಿಸುವುದಕ್ಕೆ ಹೆಚ್ಚೇನೂ ಉಳಿದಿಲ್ಲ ಎಂದು ನಾಯ್‌ಹೌಸ್‌ಗೆ ಅನ್ನಿಸಿತು, ಆದರೂ ಸೇರಿಸಿಕೊಂಡರು. ಹಾಗೆಂದು ಏನೂ ಕಲಿಸಲಿಲ್ಲ ಎಂದಲ್ಲ. ನಾದವನ್ನು ಸಡಿಲವಾದ ತೋಳಿನಿಂದ ತೆಗೆಯುವುದು, ಮೌನವನ್ನೂ ಸ್ವರದಷ್ಟೇ ಲೆಕ್ಕ ಹಿಡಿದು ನುಡಿಸುವುದು ಅವರಿಂದಲೇ ಬಂದವು. ರಿಕ್ಟರ್ ರಾಜಕೀಯ ಪಾಠಗಳಿಗೆ ಹೋಗದೆ ಎರಡು ಬಾರಿ ಹೊರಹಾಕಿಸಿಕೊಂಡರು. ಗುರುಗಳೇ ಮತ್ತೆ ಕರೆಸಿದರು. ಇರಲು ಜಾಗವಿಲ್ಲದಾಗ ಅವರ ಮನೆಯಲ್ಲಿ, ಪಿಯಾನೊ ಕೆಳಗೆ ಮಲಗುತ್ತಿದ್ದರು. ಪದವಿ ಕೈಗೆ ಬಂದದ್ದು 1947ರಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ ಅಖಿಲ ಸೋವಿಯತ್ ಸ್ಪರ್ಧೆಯಲ್ಲಿ ವಿಕ್ಟರ್ ಮೆರ್ಜಾನೊವ್ ಜೊತೆ ಮೊದಲ ಬಹುಮಾನ ಹಂಚಿಕೊಂಡಿದ್ದರು.

ಪ್ರಶ್ನೆ: ರಷ್ಯದ ರಚನಕಾರ ಪ್ರೊಕೊಫಿಯೆವ್ ಅವರ ಏಳನೇ ಸೊನಾಟಾವನ್ನು (ಹಲವು ಭಾಗಗಳ ಪಿಯಾನೊ ಕೃತಿ) ರಿಕ್ಟರ್ ನಾಲ್ಕೇ ದಿನದಲ್ಲಿ ಕಲಿತರಂತೆ. ನಾನು ಅದರ ಮೂರನೇ ಭಾಗವನ್ನು ಸಾಧನೆ ಮಾಡುತ್ತಿದ್ದೇನೆ. ಎರಡನೇ ಪುಟಕ್ಕೇ ಎಡಗೈ ಮಣಿಕಟ್ಟು ಕಲ್ಲಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ನಾಲ್ಕು ದಿನದ ಮಾತು ರಿಕ್ಟರ್ ತಾವೇ ಹೇಳಿದ್ದು. ಅದನ್ನು ಗುರಿಯಾಗಿ ಇಟ್ಟುಕೊಳ್ಳಬೇಡಿ. 1940ರಲ್ಲಿ ಪ್ರೊಕೊಫಿಯೆವ್ ತಮ್ಮ ಆರನೇ ಸೊನಾಟಾ ನುಡಿಸಿದ್ದನ್ನು ಅವರು ಕೇಳಿದ್ದರು, ಅದೇ ನವೆಂಬರಿನಲ್ಲಿ ಮಾಸ್ಕೋದ ವೇದಿಕೆಯಲ್ಲಿ ತಾವೂ ನುಡಿಸಿದ್ದರು. ಪ್ರೊಕೊಫಿಯೆವ್ ಅವರ ಭಾಷೆ ಕೈಗೆ ಹತ್ತಿದ ಮೇಲೆ ಏಳನೆಯದು ಬಂತು. 1943ರ ಜನವರಿ 18ರಂದು ಮಾಸ್ಕೋದ ಕಾರ್ಮಿಕ ಸಂಘಗಳ ಭವನದಲ್ಲಿ ಅದರ ಮೊದಲ ಪ್ರದರ್ಶನ. ಬಹಳಷ್ಟು ಜನ ಹೊರಟ ಮೇಲೆ, ಉಳಿದ ಸಂಗೀತಗಾರರಿಗಾಗಿ ಇಡೀ ಸೊನಾಟಾವನ್ನು ಇನ್ನೊಮ್ಮೆ ನುಡಿಸಿದರು.

ಇನ್ನು ನಿಮ್ಮ ಮಣಿಕಟ್ಟು. ಈ ಭಾಗದ ಲೆಕ್ಕ 7/8, ಅಂದರೆ ಆವರ್ತಕ್ಕೆ ಏಳು ಮಾತ್ರೆ, ಒಳಗಿನ ವಿಂಗಡಣೆ 2, 3, 2. ‘ತಕ ತಕಿಟ ತಕ’ ಎಂದು ಬಾಯಲ್ಲಿ ಹೇಳಿಕೊಂಡರೆ ಸರಿಯಾಗಿ ಕೂರುತ್ತದೆ. ಎಡಗೈ ಬಿ ಫ್ಲಾಟ್, ಸಿ ಶಾರ್ಪ್, ಬಿ ಫ್ಲಾಟ್ ಎಂದು ಈ ಮೂರು ಗುಂಪುಗಳನ್ನು ಬಿಡದೆ ಸಾರುತ್ತಿರುತ್ತದೆ. ಕೈ ಬಿಗಿಯಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ಏಳೂ ಮಾತ್ರೆಗಳಿಗೆ ಒಂದೇ ಒತ್ತು ಕೊಡುವುದು. ಒತ್ತು ಬೇಕಾದದ್ದು ಮೂರು ಗುಂಪುಗಳ ತಲೆಗೆ ಮಾತ್ರ, ಉಳಿದವು ಅದರ ಮೇಲೆಯೇ ತೇಲಿ ಹೋಗಬೇಕು. ಎರಡು, ಮೊದಲ ಪುಟದಲ್ಲೇ ಪೂರ್ತಿ ಬಲ ಸುರಿಯುವುದು. ಈ ಭಾಗ ಕೊನೆಯ ಪುಟಕ್ಕಾಗಿ ಕಟ್ಟಿದ್ದು. ಅಲ್ಲಿ ಎರಡೂ ಕೈ ಕೀಲಿಮಣೆಯ ಉದ್ದಕ್ಕೂ ಹಾರಬೇಕು. ಆರಂಭವನ್ನು ಮಧ್ಯಮ ದನಿಯಲ್ಲಿ ಹಿಡಿಯದಿದ್ದರೆ ಅಲ್ಲಿಗೆ ತಲುಪುವಾಗ ಏನೂ ಉಳಿದಿರುವುದಿಲ್ಲ.

ಹೀಗೆ ಮಾಡಿ ನೋಡಿ. ಎಡಗೈಯ ಮೂರು ಒತ್ತುಸ್ವರಗಳನ್ನು ಮಾತ್ರ, ಬಲಗೈ ಇಲ್ಲದೆ, ನಾಲ್ಕು ಸಾಲು ನುಡಿಸಿ. ಪ್ರತಿ ಒತ್ತಿನ ನಂತರ ಮಣಿಕಟ್ಟು ಒಂದಿಷ್ಟು ಮೇಲೆದ್ದು ಸಡಿಲವಾಗಬೇಕು. ಆಮೇಲೆ ಬಿಟ್ಟ ಸ್ವರಗಳನ್ನು ತುಂಬಿ. ಮೆಟ್ರೊನೋಮನ್ನು (ಲಯ ಬಡಿಯುವ ಯಂತ್ರ) ಮಾತ್ರೆಗೊಂದು ಬಡಿತದಂತೆ 160ಕ್ಕೆ ಇಟ್ಟು ಶುರು ಮಾಡಿ, ದಿನಕ್ಕೆ 8ಕ್ಕಿಂತ ಹೆಚ್ಚು ಏರಿಸಬೇಡಿ. 208 ದಾಟಿದ ಮೇಲೆ ಇಡೀ ಆವರ್ತಕ್ಕೆ ಒಂದೇ ಬಡಿತ ಸಾಕು, ಇಲ್ಲದಿದ್ದರೆ ಕಿವಿ ಮಾತ್ರೆ ಎಣಿಸುವುದರಲ್ಲೇ ಉಳಿಯುತ್ತದೆ. ವೇಗ ಹೆಚ್ಚಿದಾಗ ನಡುವಿನ ಮೂರು ಹಿಗ್ಗಿ ನಾಲ್ಕಾಗುವುದುಂಟು. ಧ್ವನಿಮುದ್ರಿಸಿ ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಪೆಡಲನ್ನು ಒತ್ತುಗಳಿಗೆ ಮಾತ್ರ ಮುಟ್ಟಿಸಿ. ಮುಂಗೈಯಲ್ಲಿ ಉರಿ ಬಂದರೆ ಆ ದಿನಕ್ಕೆ ಅಲ್ಲಿಗೆ ನಿಲ್ಲಿಸಿ. ಸಹಿಸಿಕೊಂಡು ನುಡಿಸಿದರೆ ಬಿಗಿಯೇ ಅಭ್ಯಾಸವಾಗುತ್ತದೆ.

ರಿಕ್ಟರ್ ಸ್ವತಃ ಹೊಸ ಕೃತಿಯನ್ನು ಪುಟದ ಲೆಕ್ಕದಲ್ಲಿ ಕಲಿಯುತ್ತಿದ್ದರು. ಒಂದು ಪುಟ ಪೂರ್ತಿ ಬಾರದೆ ಮುಂದಿನ ಪುಟವಿಲ್ಲ, ಎಷ್ಟು ಸಲ ತಿರುಗಿ ನುಡಿಸಬೇಕಾದರೂ ಸರಿ. ಬೇಸರದ ವಿಧಾನ. ಆದರೆ ಮೊದಲ ಪುಟ ಮಾತ್ರ ಚೆನ್ನಾಗಿ ಬಂದು ಕೊನೆಯ ಪುಟ ಕುಂಟುವ ತೊಂದರೆ ಇದರಲ್ಲಿಲ್ಲ.

ಪ್ರಶ್ನೆ: 1945ರಲ್ಲೇ ಮೊದಲ ಬಹುಮಾನ ಪಡೆದವರು ಅಮೆರಿಕಕ್ಕೆ ಹೋದದ್ದು 1960ರಲ್ಲಿ. ಇಷ್ಟು ತಡವೇಕೆ?

ಸರ್ಕಾರ ಬಿಡಲಿಲ್ಲ. 1941ರ ಜೂನ್‌ನಲ್ಲಿ ಜರ್ಮನಿ ದಾಳಿ ಮಾಡಿದಾಗ ತಂದೆ ತಾಯಿ ಒಡೆಸ್ಸಾದಲ್ಲಿದ್ದರು, ಮಗ ಮಾಸ್ಕೋದಲ್ಲಿ. ಅಕ್ಟೋಬರಿನಲ್ಲಿ, ನಗರ ಶತ್ರುಗಳ ಕೈಸೇರುವ ಕೆಲವೇ ದಿನ ಮೊದಲು, ತಂದೆಯನ್ನು ಜರ್ಮನ್ ಗೂಢಚಾರನೆಂದು ಸೋವಿಯತ್ ಅಧಿಕಾರಿಗಳು ಗುಂಡಿಟ್ಟು ಕೊಂದರು. ಅವರು ನಿರಪರಾಧಿ ಎಂದು ಅದೇ ವ್ಯವಸ್ಥೆ 1962ರಲ್ಲಿ ಒಪ್ಪಿಕೊಂಡಿತು. ತಾಯಿ ಸೆರ್ಗೆಯ್ ಕೊಂದ್ರಾತಿಯೆವ್ ಎಂಬವರ ಜೊತೆ ಜರ್ಮನ್ ಸೈನ್ಯ ಹಿಂದೆ ಸರಿಯುವಾಗ ದೇಶ ಬಿಟ್ಟು ಹೋಗಿ ಜರ್ಮನಿಯಲ್ಲಿ ನೆಲೆಸಿದರು. ತಂದೆ ‘ದೇಶದ್ರೋಹಿ’, ತಾಯಿ ಪಶ್ಚಿಮ ಜರ್ಮನಿಯಲ್ಲಿ: ಇಂಥವರನ್ನು ಹೊರಗೆ ಕಳಿಸಿದರೆ ಮರಳುವುದಿಲ್ಲ ಎಂಬ ಅನುಮಾನ. ಆದ್ದರಿಂದ 1950ರಲ್ಲಿ ಪ್ರಾಗ್, ಆಮೇಲೆ ಇತರ ಸಮಾಜವಾದಿ ದೇಶಗಳು, ಅಷ್ಟಕ್ಕೇ ಸೀಮಿತ.

ಬೇಡದ ಕಡೆಗೆ ಕಳಿಸುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ. 1953ರ ಮಾರ್ಚ್‌ನಲ್ಲಿ ಸ್ಟಾಲಿನ್ ಸತ್ತಾಗ ತ್ಬಿಲಿಸಿಯಲ್ಲಿದ್ದ ರಿಕ್ಟರ್ ಅವರನ್ನು ಹೂವಿನ ಹಾರಗಳು ತುಂಬಿದ ವಿಮಾನದಲ್ಲಿ ಮಾಸ್ಕೋಗೆ ಕರೆಸಿ, ಅಂತಿಮ ದರ್ಶನದ ಸಭಾಂಗಣದಲ್ಲಿ ನುಡಿಸಲು ಕೂರಿಸಿದರು. ಅದೇ ಮಾರ್ಚ್ 5ರಂದು ಪ್ರೊಕೊಫಿಯೆವ್ ಕೂಡ ತೀರಿಕೊಂಡಿದ್ದರು. ಆ ಸುದ್ದಿಗೆ ಪತ್ರಿಕೆಗಳಲ್ಲಿ ಜಾಗವೇ ಇರಲಿಲ್ಲ.

ಈ ನಡುವೆ ಪಶ್ಚಿಮದಲ್ಲಿ ಹೆಸರು ಮೊದಲು ಹೋಯಿತು, ವ್ಯಕ್ತಿ ಆಮೇಲೆ. 1955ರಲ್ಲಿ ಅಮೆರಿಕ ಪ್ರವಾಸ ಮಾಡಿದ ಸೋವಿಯತ್ ಪಿಯಾನೊ ವಾದಕ ಎಮಿಲ್ ಗಿಲೆಲ್ಸ್, ತನ್ನನ್ನು ಹೊಗಳಿದವರಿಗೆಲ್ಲ ರಿಕ್ಟರ್‌ರನ್ನು ಕೇಳುವ ತನಕ ಕಾಯಿರಿ ಎಂದು ಹೇಳುತ್ತಿದ್ದರು. ಕೊನೆಗೆ 1960ರ ಅಕ್ಟೋಬರ್ 15ರಂದು ಶಿಕಾಗೊದಲ್ಲಿ ಬ್ರಾಮ್ಸ್‌ರ ಎರಡನೇ ಕನ್ಚೆರ್ಟೊ (ಒಬ್ಬ ವಾದಕ ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ). ಆರ್ಕೆಸ್ಟ್ರಾ ನಿರ್ವಾಹಕ ಫ್ರಿಟ್ಜ್ ರೈನರ್ ಕಾಯಿಲೆ ಬಿದ್ದದ್ದರಿಂದ ಎರಿಕ್ ಲೈನ್ಸ್‌ಡಾರ್ಫ್ ನಿರ್ವಹಿಸಿದರು. ಒಂದೆರಡು ದಿನದಲ್ಲೇ ಅದೇ ತಂಡದೊಂದಿಗೆ ಮಾಡಿದ ಮುದ್ರಣಕ್ಕೆ ಗ್ರ್ಯಾಮಿ ಬಂತು. ಅದೇ ತಿಂಗಳು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಸಾಲುಸಾಲು ಕಛೇರಿಗಳು. ಎರಡು ದಶಕಗಳ ಬಳಿಕ ತಾಯಿಯನ್ನು ಕಂಡದ್ದೂ ಆ ಪ್ರವಾಸದಲ್ಲೇ. ರಿಕ್ಟರ್ ಪಾಲಿಗೆ ಅದು ಸುಖದ ಪ್ರವಾಸವಲ್ಲ. ಕಾವಲಿನವರು ಜೊತೆಯಲ್ಲೇ ಇದ್ದರು, ತಮ್ಮ ವಾದನವೂ ಅವರಿಗೆ ಹಿಡಿಸಲಿಲ್ಲ. 1970ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಪಿಟೀಲು ವಾದಕ ಡೇವಿಡ್ ಓಯಿಸ್ತ್ರಾಖ್ ಜೊತೆ ನುಡಿಸುವಾಗ ಸೋವಿಯತ್ ವಿರೋಧಿಗಳು ಗದ್ದಲ ಎಬ್ಬಿಸಿದರು. ಆಮೇಲೆ ಅಮೆರಿಕಕ್ಕೆ ಹೋಗಲೇ ಇಲ್ಲ.

ಪ್ರಶ್ನೆ: ಅವರು ಆರ್ಕೆಸ್ಟ್ರಾ ನಿರ್ವಹಿಸಿದ್ದುಂಟೇ?

ಸಾರ್ವಜನಿಕವಾಗಿ ಒಂದೇ ಸಲ. ಬಲಗೈ ಬೆರಳು ಮುರಿದು ಪಿಯಾನೊ ಸಾಧ್ಯವಿಲ್ಲದಿದ್ದಾಗ, 1952ರ ಫೆಬ್ರವರಿ 18ರಂದು, ಮಾಸ್ಕೋದ ಯುವ ಆರ್ಕೆಸ್ಟ್ರಾದೊಂದಿಗೆ ಪ್ರೊಕೊಫಿಯೆವ್ ಅವರ ಎರಡನೇ ಚೆಲ್ಲೊ ಕನ್ಚೆರ್ಟೊ. ಚೆಲ್ಲೊ ನುಡಿಸಿದವರು ರೊಸ್ತ್ರೊಪೊವಿಚ್. ಬೆರಳು ಕಟ್ಟಿಕೊಂಡಿದ್ದಾಗ ಸುಮ್ಮನಿರದೆ ಎಡಗೈಗೆಂದೇ ರವೆಲ್ ಬರೆದ ಕನ್ಚೆರ್ಟೊವನ್ನೂ ಕಲಿತರು.

ಪ್ರಶ್ನೆ: ಕೊನೆಯ ವರ್ಷಗಳ ದೃಶ್ಯಮುದ್ರಿಕೆಗಳಲ್ಲಿ ಸಭಾಂಗಣ ಕತ್ತಲು, ಸ್ವರಲಿಪಿಯ ಮೇಲೊಂದು ದೀಪ, ಪಕ್ಕದಲ್ಲಿ ಹಾಳೆ ತಿರುವುವವರು. ಇದು ನಾಟಕೀಯತೆಗಾಗಿಯೇ?

ಅಲ್ಲ, ಆದರೆ ನಿಮ್ಮ ಅನುಮಾನ ಹೊಸದೇನಲ್ಲ. ಸುಮಾರು 1980ರಿಂದ ಅವರು ಪುಸ್ತಕ ಎದುರಿಗಿಟ್ಟುಕೊಂಡೇ ನುಡಿಸಿದರು. ಇದಕ್ಕೆ ನೆನಪಿನ ಭಯ ಒಂದು ಕಾರಣ. ಅದಕ್ಕಿಂತ ವಿಚಿತ್ರವಾದದ್ದು ಕಿವಿಯ ತೊಂದರೆ. ಆಧಾರಸ್ವರವಿಲ್ಲದೆಯೇ ಯಾವ ಸ್ವರವನ್ನಾದರೂ ಗುರುತಿಸುವ ಶಕ್ತಿ ಅವರಿಗೆ ಹುಟ್ಟಿನಿಂದ ಇತ್ತು. ವಯಸ್ಸಾದಂತೆ ಅದು ಜಾರಿತು: ಕೇಳುವ ಸ್ವರವೆಲ್ಲ ಇರುವುದಕ್ಕಿಂತ ಒಂದು ಸ್ವರ, ಕೆಲವೊಮ್ಮೆ ಇನ್ನೂ ಹೆಚ್ಚು ಮೇಲಾಗಿ ಕೇಳಿಸತೊಡಗಿತು. ಅಂಥ ಶಕ್ತಿಯಿಲ್ಲದವರಿಗೆ ಇದರಿಂದ ಏನೂ ಆಗದು. ಇದ್ದವರಿಗೆ ಮಾತ್ರ ಬೆರಳು ಒಂದು ಕೀಲಿ ಒತ್ತುತ್ತದೆ, ಕಿವಿ ಇನ್ನೊಂದು ಸ್ವರ ಹೇಳುತ್ತದೆ. ಕೈ ಕಿವಿಯನ್ನು ಹಿಂಬಾಲಿಸಿ ತಪ್ಪು ಕೀಲಿಗೆ ಹೋಗುತ್ತದೆ. ಆಗ ಕಣ್ಣೆದುರಿನ ಪುಟವೊಂದೇ ಆಸರೆ.

ಕತ್ತಲಿಗೆ ಅವರು ಕೊಟ್ಟ ಕಾರಣ ಬೇರೆ. ಜನ ವಾದಕನ ಮುಖ, ಬೆರಳು ನೋಡುತ್ತ ಕೂತರೆ ಸಂಗೀತ ಕೇಳುವುದಿಲ್ಲ ಎಂಬುದು. ಈ ಮಾತು ನಮಗೆ ಒಪ್ಪಿಗೆ. ಪುಸ್ತಕವಿಲ್ಲದೆ ನುಡಿಸುವುದೇ ದೊಡ್ಡತನ ಎನ್ನುವ ಹಟ ಎಷ್ಟೋ ಒಳ್ಳೆಯ ವಾದಕರನ್ನು ಸುಮ್ಮನೆ ಹೆದರಿಸಿದೆ.

ಹಾಗೆ ನುಡಿಸಲು ಬಯಸುವವರಿಗೆ ಒಂದೆರಡು ಮಾತು. ದೀಪ ಪುಟದ ಮೇಲಷ್ಟೇ ಬೀಳಬೇಕು. ಕೀಲಿಮಣೆಯ ಹಿಂದಿನ ಕಪ್ಪು ಹಲಗೆಗೆ ಬಿದ್ದರೆ ಅದು ಕನ್ನಡಿಯಂತೆ ಕಣ್ಣಿಗೆ ಹೊಡೆಯುತ್ತದೆ. ಹಾಳೆ ತಿರುವುವವರು ವಾದಕರ ಎಡಕ್ಕೆ, ಒಂದಿಷ್ಟು ಹಿಂದೆ ಕೂರಬೇಕು. ಎದ್ದು ಎಡಗೈಯಿಂದ ಬಲಪುಟದ ಮೇಲಿನ ಮೂಲೆ ಹಿಡಿದರೆ ತೋಳು ಸ್ವರಗಳಿಗೆ ಅಡ್ಡ ಬರುವುದಿಲ್ಲ. ವಾದಕರ ಕಣ್ಣು ಕೈಗಿಂತ ಮುಂದಿರುವುದರಿಂದ ಕೊನೆಯ ಆವರ್ತ ಮುಗಿಯುವವರೆಗೆ ಕಾಯಬಾರದು, ಎಷ್ಟು ಮುಂಚೆ ತಿರುವಬೇಕೆಂದು ತಾಲೀಮಿನಲ್ಲೇ ಗುರುತು ಹಾಕಿಕೊಳ್ಳಬೇಕು. ಎರಡು ಹಾಳೆ ಒಟ್ಟಿಗೆ ಬರುವುದು ಎಲ್ಲರಿಗೂ ಆಗುವ ಅನಾಹುತ. ಮೂಲೆಗಳನ್ನು ಮೊದಲೇ ಮಡಚಿ ಬಿಡಿಸಿಟ್ಟರೆ ತಪ್ಪುತ್ತದೆ. ಪುನರಾವರ್ತನೆಗೆ ಹಿಂದಿನ ಪುಟಕ್ಕೆ ಮರಳಬೇಕಾದ ಕಡೆ ಬಣ್ಣದ ಚೀಟಿ ಅಂಟಿಸಿ.

ಪ್ರಶ್ನೆ: ಬೀಥೋವನ್‌ರ ‘ಮೂನ್‌ಲೈಟ್’ ಸೊನಾಟಾವನ್ನು ರಿಕ್ಟರ್ ನುಡಿಸಿದ್ದು ಎಲ್ಲಿಯೂ ಸಿಗುತ್ತಿಲ್ಲ.

ಸಿಗುವುದಿಲ್ಲ, ಅವರು ಅದನ್ನು ಸಾರ್ವಜನಿಕವಾಗಿ ನುಡಿಸಲಿಲ್ಲ. ‘ವಾಲ್ಡ್‌ಸ್ಟೈನ್’ ಸೊನಾಟಾ, ಬೀಥೋವನ್‌ರ ನಾಲ್ಕು ಮತ್ತು ಐದನೇ ಕನ್ಚೆರ್ಟೊಗಳು, ಬಾಖ್‌ರ ‘ಗೋಲ್ಡ್‌ಬರ್ಗ್’ ಕೂಡ ಇಲ್ಲ. ಒಬ್ಬ ರಚನಕಾರರ ‘ಸಮಗ್ರ’ ನುಡಿಸಬೇಕೆಂಬ ಹಂಬಲ ಅವರಿಗಿರಲಿಲ್ಲ; ಬಾಖ್‌ರ 48 ಪ್ರಿಲ್ಯೂಡ್ ಮತ್ತು ಫ್ಯೂಗ್‌ಗಳು ದೊಡ್ಡ ಅಪವಾದ. ಶೊಪಾನ್‌ರ 24 ಪ್ರಿಲ್ಯೂಡ್‌ಗಳಲ್ಲೂ ಇಷ್ಟವಾದವನ್ನೇ ಆರಿಸಿಕೊಳ್ಳುತ್ತಿದ್ದರು. ಹಾಗೆಂದು ಕೈಯಲ್ಲಿದ್ದದ್ದು ಕಡಿಮೆಯೇನಲ್ಲ: ಅವರದೇ ಲೆಕ್ಕದಲ್ಲಿ ಸುಮಾರು 80 ಕಛೇರಿಗಳಿಗಾಗುವಷ್ಟು, ಅದೂ ಇತರರೊಡನೆ ನುಡಿಸಿದ್ದನ್ನು ಬಿಟ್ಟು.

ಪ್ರಶ್ನೆ: ರಿಕ್ಟರ್‌ರನ್ನು ಹೊಸದಾಗಿ ಕೇಳುವವರು ಯಾವುದರಿಂದ ಶುರು ಮಾಡಬೇಕು?

ರಖ್ಮಾನಿನೊವ್‌ರ ಎರಡನೇ ಕನ್ಚೆರ್ಟೊದಿಂದ. 1959ರಲ್ಲಿ ವಾರ್ಸಾ ಫಿಲ್ಹಾರ್ಮೊನಿಕ್ ಜೊತೆ, ವಿಸ್ಲೊಟ್ಸ್ಕಿ ನಿರ್ವಹಣೆಯಲ್ಲಿ ಮಾಡಿದ್ದು. ಆರಂಭದ ಎಂಟು ಆವರ್ತಗಳಲ್ಲಿ ಪಿಯಾನೊ ಒಂದೇ ಇರುತ್ತದೆ. ಅವನ್ನು ಎಷ್ಟು ನಿಧಾನವಾಗಿ, ಎಷ್ಟು ಕೆಳದನಿಯಿಂದ ಮೇಲೆತ್ತುತ್ತಾರೆ ನೋಡಿ. ಧ್ವನಿಯ ಗುಣವೂ ಚೆನ್ನಾಗಿದೆ.

ಆಮೇಲೆ ಮುಸೋರ್ಗ್‌ಸ್ಕಿಯ ‘ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್’, ಸೋಫಿಯಾದಲ್ಲಿ 1958ರ ಫೆಬ್ರವರಿಯ ನೇರ ಕಛೇರಿ. ಮುದ್ರಣ ಮಾನೊ (ಸ್ಟೀರಿಯೊ ಅಲ್ಲ), ಚಳಿಗಾಲದ ಕೆಮ್ಮು ಧಾರಾಳ, ಆರಂಭದಲ್ಲೇ ಜಾರಿದ ಸ್ವರಗಳೂ ಇವೆ. ಆದರೂ ಪಶ್ಚಿಮದಲ್ಲಿ ಅವರ ಹೆಸರನ್ನು ಎತ್ತಿ ನಿಲ್ಲಿಸಿದ ಮುದ್ರಿಕೆಗಳಲ್ಲಿ ಇದು ಮುಖ್ಯವಾದದ್ದು. ಶುದ್ಧ ಧ್ವನಿ ಬೇಕೆನ್ನುವವರು ಇದನ್ನು ಎರಡನೆಯದಾಗಿಯೇ ಕೇಳಿ, ಮೊದಲೇ ಕೇಳಿದರೆ ಕೆಮ್ಮಷ್ಟೇ ನೆನಪಿರುತ್ತದೆ.

ಶೂಬರ್ಟ್‌ರ ಕೊನೆಯ ಬಿ ಫ್ಲಾಟ್ ಸೊನಾಟಾಕ್ಕೆ ಅವಸರ ಬೇಡ. ಮೊದಲ ಭಾಗದ ಪುನರಾವರ್ತನೆ ಬಿಡುವವರು ಅದನ್ನು ಸುಮಾರು 14 ನಿಮಿಷದಲ್ಲಿ ಮುಗಿಸುತ್ತಾರೆ, ರಿಕ್ಟರ್ 24 ನಿಮಿಷ ದಾಟುತ್ತಾರೆ. ಪುನರಾವರ್ತನೆ ಬಿಟ್ಟರೆ ಅದರ ಹಿಂದೆ ಶೂಬರ್ಟ್ ಬರೆದ ಕೆಲವು ಆವರ್ತಗಳೇ ಕೇಳಿಸುವುದಿಲ್ಲ ಎಂಬುದು ನಿಜ. ಆದರೆ ಅಂತರದ ಸುಮಾರು ಅರ್ಧ ಪಾಲು ನಡೆಯ ವೇಗದಲ್ಲೇ ಇದೆ. 1957ರಲ್ಲಿ ಮಾಸ್ಕೋದಲ್ಲಿ ಇದನ್ನು ಕೇಳಿದ ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್, ಶೂಬರ್ಟ್‌ರ ಪುನರುಕ್ತಿಗಳನ್ನು ಸಹಿಸದವರು, ಮಂತ್ರಮುಗ್ಧರಾದರಂತೆ. ನಿಮಗೆ ಐದನೇ ನಿಮಿಷಕ್ಕೇ ಬೇಸರ ಬಂದರೆ ತಪ್ಪಿಲ್ಲ, ವರ್ಷ ಬಿಟ್ಟು ಮತ್ತೆ ಕೇಳಿ.

ಬಿಡಬಹುದಾದದ್ದು: ನಿರ್ವಾಹಕ ಕಾರಾಯಾನ್, ಓಯಿಸ್ತ್ರಾಖ್, ರೊಸ್ತ್ರೊಪೊವಿಚ್ ಜೊತೆಗಿನ 1969ರ ಬೀಥೋವನ್ ತ್ರಿವಳಿ ಕನ್ಚೆರ್ಟೊ. ಹೆಸರುಗಳು ದೊಡ್ಡವು. ಮುದ್ರಣ ಕೆಟ್ಟದಾಗಿದೆ ಎಂದು ರಿಕ್ಟರ್ ಅವರೇ ಹೇಳಿದ್ದರು.

ಪ್ರಶ್ನೆ: ಅಷ್ಟು ಪ್ರಸಿದ್ಧರು ಸಣ್ಣ ಊರುಗಳಲ್ಲಿ ನುಡಿಸಿದ್ದು ಯಾಕೆ?

ದೊಡ್ಡ ಸಭಾಂಗಣಗಳ ಒಪ್ಪಂದ ಎರಡು ವರ್ಷ ಮುಂಚೆ ಆಗಬೇಕು. ಅಷ್ಟು ದೂರದ ದಿನ ಏನು ನುಡಿಸಬೇಕೆನಿಸುತ್ತದೋ ಯಾರಿಗೆ ಗೊತ್ತು ಎಂಬುದು ಅವರ ತಕರಾರು. ಫ್ರಾನ್ಸಿನ ತೂರ್ ಬಳಿಯ 13ನೇ ಶತಮಾನದ ಕಣಜದಲ್ಲಿ 1964ರಿಂದ ಉತ್ಸವ ನಡೆಸಿದರು. ಮಾಸ್ಕೋದ ಪುಷ್ಕಿನ್ ವಸ್ತುಸಂಗ್ರಹಾಲಯದಲ್ಲಿ 1981ರಿಂದ ‘ಡಿಸೆಂಬರ್ ಸಂಜೆಗಳು’. 1986ರಲ್ಲಿ ಯಮಾಹಾ ಪಿಯಾನೊ ಜೊತೆ ಸೈಬೀರಿಯಾದ ಉದ್ದಕ್ಕೂ ಆರು ತಿಂಗಳು ಸುತ್ತಿ ಸುಮಾರು 150 ಕಛೇರಿ ಕೊಟ್ಟರು, ಸಭಾಂಗಣವೇ ಇಲ್ಲದ ಊರುಗಳಲ್ಲೂ. ಕೊನೆಯ ಕಛೇರಿ 1995ರ ಮಾರ್ಚ್ 30ರಂದು ಜರ್ಮನಿಯ ಲ್ಯೂಬೆಕ್‌ನಲ್ಲಿ. ಮಾಸ್ಕೋದ ಬೊಲ್ಶಾಯಾ ಬ್ರೊನ್ನಾಯಾ ಬೀದಿಯಲ್ಲಿ, 16ನೇ ಮಹಡಿಯಲ್ಲಿ, ಅವರೂ ಸಂಗಾತಿ, ಗಾಯಕಿ ನೀನಾ ದೊರ್ಲಿಯಾಕ್ ಅವರೂ ಇದ್ದ ಮನೆ ಈಗ ಪುಷ್ಕಿನ್ ವಸ್ತುಸಂಗ್ರಹಾಲಯದ ಭಾಗ.

ಪ್ರಶ್ನೆ: ಒಂದೇ ಕಛೇರಿಯ ಎರಡು ಮುದ್ರಿಕೆ ಸಿಕ್ಕಿವೆ. ಒಂದರಲ್ಲಿ ಶ್ರುತಿ ಹೆಚ್ಚು. ಯಾವುದು ಅಸಲಿ?

ಬಹುಶಃ ಎರಡೂ ಒಂದೇ ಟೇಪಿನಿಂದ ಬಂದವು, ಒಂದರ ವೇಗ ತಪ್ಪಿದೆ. ಟೇಪು ವೇಗವಾಗಿ ಓಡಿದರೆ ಶ್ರುತಿ ಏರುತ್ತದೆ, ಅವಧಿ ಕುಗ್ಗುತ್ತದೆ. ಅರ್ಧಸ್ವರ ಏರಿದ್ದರೆ ವೇಗ ಸುಮಾರು 6 ಶೇಕಡ ಹೆಚ್ಚು, ಅಂದರೆ 10 ನಿಮಿಷದ ಕೃತಿ ಸುಮಾರು 34 ಸೆಕೆಂಡು ಬೇಗ ಮುಗಿದಿರಬೇಕು. ಎರಡರಲ್ಲೂ ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಮಾತ್ರ ಅಳೆಯಿರಿ. ಚಪ್ಪಾಳೆಯನ್ನು ಒಂದೊಂದು ಕಡೆ ಒಂದೊಂದು ರೀತಿ ಕತ್ತರಿಸಿರುತ್ತಾರೆ. ಶ್ರುತಿಯ ಅಂತರ, ಅವಧಿಯ ಅಂತರ ತಾಳೆಯಾದರೆ ಒಂದೇ ಕಛೇರಿ. ತಾಳೆಯಾಗದಿದ್ದರೆ ತಾರೀಖೇ ತಪ್ಪಿರಬಹುದು. ನೇರ ಕಛೇರಿಗಳ ಟೇಪುಗಳು ಹಲವು ಕೈ ದಾಟಿ ಬಂದವಾದ್ದರಿಂದ ಇದು ಅಪರೂಪವಲ್ಲ. ಆಗ ಕೆಮ್ಮುಗಳನ್ನು ಹೋಲಿಸಿ: ಅದೇ ಆವರ್ತದಲ್ಲಿ ಅದೇ ಕೆಮ್ಮು ಇದ್ದರೆ ಅದೇ ಸಂಜೆ. ಇಟ್ಟುಕೊಳ್ಳಬೇಕಾದ್ದು, ಟ್ಯೂನರ್ ಆ್ಯಪ್‌ನಲ್ಲಿ ‘ಎ’ ಸ್ವರ 440 ಹರ್ಟ್ಸ್ ಆಸುಪಾಸು ತೋರಿಸುವ ಮುದ್ರಿಕೆ. ಪಿಯಾನೊವನ್ನೇ 442ಕ್ಕೆ ಕೂಡಿಸಿರುವುದೂ ಉಂಟು, ಅಷ್ಟು ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.